ಟ್ಯಾಂಕಿನ ಗುಡ್ಡದಿಂದ ಕಂಡ ಬೀದಿ

ಪೆನ್ಸಿಲ್ಲಿನ ಮೊನೆ ಕಾಗದಕ್ಕೆ ತಾಗಲು ಇನ್ನು ಕೂದಲೆಳೆಯಷ್ಟು ಇದೆ ಎನ್ನುವಾಗ ರಾಡಿ ಎಂಬವಳು ಕೈ ಚಾಚಿ, ಗೆರೆ ಎಂಬವನ ಮಣಿಕಟ್ಟು ಹಿಡಿದುಬಿಟ್ಟಳು. ಇಪ್ಪತ್ತೆಂಟು ವರ್ಷ ಆಸ್ಪತ್ರೆಯ ಲಾಂಡ್ರಿಯಲ್ಲಿ ಒದ್ದೆ ಹಾಸುಬಟ್ಟೆ ಹಿಂಡಿದ ಕೈ ಅದು. ಬಡಗಿ ಕೆಲಸ ಮಾಡಿ ಮಾಡಿ ಗಟ್ಟಿಯಾಗಿದ್ದ ಗೆರೆಗೂ ಬಿಡಿಸಿಕೊಳ್ಳಲು ಆಗಲಿಲ್ಲ.

"ಬೇಡ," ಎಂದಳು.

"ನಾನೇನು ಬಣ್ಣ ಹಚ್ತೀನಾ ತಾಯಿ? ಬರೀ ಔಟ್‌ಲೈನು. ಒಂದು ಬಾಗಿಲು, ಎರಡು ಕಿಟಕಿ. ಬಣ್ಣ ನೀನೇ ತುಂಬು."

"ನಾನೂ ತುಂಬಲ್ಲ, ನೀವೂ ಗೀಚೋ ಹಾಗಿಲ್ಲ. ಇನ್ನೊಬ್ಬರ ಹಾಳೆ ಮುಟ್ಟಬಾರದು ಅಂತ ಹೇಳಿಕೊಟ್ಟೋರು ಪಕ್ಕದ ರೂಮಲ್ಲೇ ಇದಾರೆ. ಎದ್ದು ಬಂದರೆ ಏನು ಹೇಳ್ತೀರಿ?"

ಎದ್ದು ಬರುವ ಹಾಗಿರಲಿಲ್ಲ. ಪಕ್ಕದ ಕೋಣೆಯಲ್ಲಿ ಮೇಷ್ಟ್ರು ಬಿಳಿ ಹೊದಿಕೆಯಡಿ ಕೈಕಾಲು ಚಾಚಿ ಮಲಗಿದ್ದರು. ಭಾನುವಾರ ಬೆಳಗ್ಗೆ ಏಳೂವರೆಗೆ ಅವರು ಮನೆಯೊಳಗೆ ಇದ್ದದ್ದು ಮೂವತ್ತೊಂದು ವರ್ಷಗಳಲ್ಲಿ ಇದೇ ಮೊದಲು.

ಮೇಷ್ಟ್ರು ಎಂದರೆ ಶಾಲೆಯ ಮೇಷ್ಟ್ರಲ್ಲ. ನಿವೃತ್ತಿಯಾಗುವ ತನಕ ನೀರು ಸರಬರಾಜು ಇಲಾಖೆಯಲ್ಲಿ ಮೀಟರ್ ರೀಡರ್ ಆಗಿದ್ದವರು. ವಾರದಲ್ಲಿ ಆರು ದಿನ ಕಂಡವರ ಮನೆಯ ಗೇಟು ತೆಗೆದು, ನಾಯಿಗಳಿಂದ ತಪ್ಪಿಸಿಕೊಂಡು, ನೆಲದೊಳಗಿನ ಮೀಟರಿನ ಮುಚ್ಚಳ ಎತ್ತಿ ಅಂಕಿ ಬರೆದುಕೊಳ್ಳುವುದು. ಏಳನೆಯ ದಿನ ಹಲಗೆ, ಕಾಗದ, ಬಣ್ಣದ ಡಬ್ಬಿ ಹೆಗಲಿಗೇರಿಸಿ ಎಲ್ಲಾದರೂ ಬಯಲಲ್ಲಿ ಕೂತು ಕಣ್ಣಿಗೆ ಕಂಡದ್ದನ್ನು ಚಿತ್ರ ಬರೆಯುವುದು. ಯಾರಾದರೂ ಬೆನ್ನ ಹಿಂದೆ ನಿಂತು ನೋಡಿದರೆ, ನೋಡಿದ್ದು ಸಾಕು ಕೂತ್ಕೊ ಎಂದು ಅವರ ಕೈಗೂ ಒಂದು ಹಾಳೆ ಕೊಡುವುದು. ಹಾಗೆ ಕೂತವರು ಹತ್ತಾದರು, ಮೂವತ್ತಾದರು. ಫೀಸಿಲ್ಲ, ಸರ್ಟಿಫಿಕೇಟಿಲ್ಲ. ಸಿಗುತ್ತಿದ್ದದ್ದು ಒಂದು ಅಡ್ಡಹೆಸರು ಮಾತ್ರ. ಯಾರ ಕೈಯ ತಪ್ಪು ಯಾವುದೋ ಅದೇ ಅವರ ಹೆಸರು. ಬಡಗಿ ಎಲ್ಲಕ್ಕೂ ಮೊದಲು ಸ್ಕೇಲಿಟ್ಟು ಗೆರೆ ಎಳೆಯುತ್ತಿದ್ದ, ಅವನು ಗೆರೆಯಾದ. ಟ್ಯಾಕ್ಸಿ ಡ್ರೈವರು ಹದಿನೈದೇ ನಿಮಿಷದಲ್ಲಿ ನದಿ, ಸೇತುವೆ, ಆಕಾಶ ಎಲ್ಲ ಮುಗಿಸಿ ಎದ್ದುಬಿಡುತ್ತಿದ್ದ, ಅವನು ಆತುರ. ಲಾಂಡ್ರಿಯವಳು ಬ್ರಷ್ಷು ತೊಳೆಯದೆ ಬಣ್ಣದ ಮೇಲೆ ಬಣ್ಣ ಬೆರೆಸಿ ಕೆಸರು ಮಾಡಿಡುತ್ತಿದ್ದಳು. ದಿನವಿಡೀ ಬಟ್ಟೆ ಒಗೆಯುವವಳಿಗೆ ಒಂದು ಬ್ರಷ್ಷು ತೊಳೆಯಲು ಏನು ದಾಡಿ ಎಂದು ಬೈದು ಮೇಷ್ಟ್ರು ಇಟ್ಟ ಹೆಸರು ರಾಡಿ. ತಪ್ಪು ತಿದ್ದಿಕೊಂಡು ಎಷ್ಟೋ ವರ್ಷವಾದರೂ ಹೆಸರು ಮಾತ್ರ ಹಾಗೇ ಉಳಿಯಿತು.

ಮಣ್ಣು ಮಾಡುವುದು ಹತ್ತೂವರೆಗೆ ಎಂದು ಹೇಳಿ ಕಳಿಸಿದ್ದರೂ ಈ ಜನ ಏಳಕ್ಕೆ ಸರಿಯಾಗಿ ಬೀದಿಯಲ್ಲಿ ನಿಂತಿದ್ದರು. ಅಷ್ಟೇ ಆಗಿದ್ದರೆ ಪರವಾಗಿರಲಿಲ್ಲ, ಎಲ್ಲರ ಹೆಗಲಲ್ಲೂ ಬಣ್ಣದ ಚೀಲ, ಕೈಯಲ್ಲಿ ಮಡಿಸುವ ಸ್ಟೂಲು. ಭಾನುವಾರ ಮನೆ ಬಿಡುವಾಗ ಕೈ ತಾನಾಗಿ ಅವನ್ನು ಎತ್ತಿಕೊಂಡಿತ್ತು. ಮೇಷ್ಟ್ರ ಅಕ್ಕ, ಎಂಬತ್ತು ದಾಟಿದವರು, ದಪ್ಪ ಗಾಜಿನ ಕನ್ನಡಕದೊಳಗಿಂದ ಈ ದಂಡನ್ನು ನೋಡಿ ಹಣೆ ಹಣೆ ಚಚ್ಚಿಕೊಂಡರು. ಆಮೇಲೆ ಮನೆಯ ಕುರ್ಚಿಗಳು ಸಾಲದೆ ಬಂದ ನೆಂಟರೆಲ್ಲ ಆ ಸ್ಟೂಲುಗಳ ಮೇಲೇ ಕೂತರು.

ಈಗಿನ ತಕರಾರು ಮೇಜಿನ ಮೇಲಿದ್ದ ಚಿತ್ರದ್ದು. ಮೇಷ್ಟ್ರು ಶುಕ್ರವಾರ ಬೆಳಗ್ಗೆ ಒಬ್ಬರೇ ಹೋಗಿ ಬರೆದು ತಂದದ್ದು ಅದು, ಅವರ ಕೊನೆಯದು. ನೀರಿನ ಟ್ಯಾಂಕಿರುವ ಗುಡ್ಡದ ಮೇಲಿಂದ ಕಂಡ ಇದೇ ಬೀದಿ. ಒತ್ತಾಗಿ ನಿಂತ ಮನೆಗಳು, ಅವುಗಳ ಮೇಲೆ ನೀಲಿ ಬೆರೆತ ನೆರಳು, ಮೂಲೆಯ ಬೇಕರಿ, ಆಚೆಗೆ ಆರಂತಸ್ತಿನ ಕಟ್ಟಡ. ಸಾಲಿನ ನಡುವೆ ಒಂದು ಮನೆ ಮಾತ್ರ ಇಲ್ಲ. ಗೋಡೆ, ಬಾಗಿಲು, ಮಾಡು ಏನೂ ಇಲ್ಲದ ಖಾಲಿ ಕಾಗದ, ಅದರ ಬುಡದಲ್ಲಿ ಕೆಂಪು ಬಣ್ಣದ ಒಂದು ತೊಟ್ಟು. ಆ ಜಾಗದಲ್ಲಿ ಇರಬೇಕಾದದ್ದು ಅವರೆಲ್ಲ ಈಗ ನಿಂತಿರುವ ಈ ಮನೆ.

"ಆಯ್ತಾ?" ಎನ್ನುತ್ತ ಮೇಷ್ಟ್ರ ಮಗಳು ಒಳಗೆ ಬಂದಳು. ನಲವತ್ತು ಮುಟ್ಟುತ್ತಿದ್ದವಳು, ರೈಲ್ವೆ ಟಿಕೆಟ್ ಕೌಂಟರಿನಲ್ಲಿ ಕೆಲಸ. ಎರಡು ದಿನದಿಂದ ಅತ್ತಿರಲಿಲ್ಲ. ಗೆರೆಯ ಕೈ ಇನ್ನೂ ರಾಡಿಯ ಹಿಡಿತದಲ್ಲಿರುವುದನ್ನು ಕಂಡು ಅವಳಿಗೆ ವಿಷಯ ಅರ್ಥವಾಯಿತು.

"ಎಲ್ಲರ ಮನೇನೂ ಬರೆದಿದಾರೆ ಅಕ್ಕ," ಎಂದಳು ರಾಡಿಗೆ. "ಬೇಕರಿ ಬೋರ್ಡು ಕೂಡ ಇದೆ. ನಮ್ಮದೊಂದೇ ಇಲ್ಲ."

ಅವಳು ನಿಂತುಕೊಂಡೇ ಹೇಳಿದಳು, ಕೌಂಟರಿನಲ್ಲಿ ರೈಲಿನ ಹೊತ್ತು ಹೇಳುವವಳ ಹಾಗೆ, ಏರಿಳಿತವಿಲ್ಲದೆ. ಅಮ್ಮ ಸತ್ತಾಗ ಅವಳಿಗೆ ಹನ್ನೊಂದು. ಆಮೇಲೆ ಪ್ರತಿ ಭಾನುವಾರ ಅವಳನ್ನು ತಮ್ಮ ಅಕ್ಕನ, ಅವಳ ಅತ್ತೆಯ, ಜತೆ ಬಿಟ್ಟು ಅಪ್ಪ ಹೊರಟುಬಿಡುತ್ತಿದ್ದರು. ನಮ್ಮ ಮನೆ ಬರೀರಿ ಅಪ್ಪ, ಆಗ ಎಲ್ಲೂ ಹೋಗೋದೇ ಬೇಡ ಎಂದು ಎಷ್ಟು ಸಲ ಕೇಳಿದ್ದಳೋ. ದಿನಾ ನೋಡೋದನ್ನ ಏನು ಬರೀಲಿ ಎಂದು ಅವರು ನಗುತ್ತಿದ್ದರು. ಮೊನ್ನೆ ಶುಕ್ರವಾರ ನೋಯುವ ಮಂಡಿ ಎಳೆದುಕೊಂಡು ಹಲಗೆ ಹೊತ್ತು ಹೊರಟಾಗ ಅವಳಿಗೆ ರೇಗಿಹೋಯಿತು. ಈ ಮನೆ ಒಂದು ಬಿಟ್ಟು ಊರೆಲ್ಲ ನೋಡಿಕೊಂಡು ಬನ್ನಿ ಎಂದಳು. ಸಂಜೆ ಐದಕ್ಕೆ ಕೆಲಸದಿಂದ ಬಂದಾಗ ಅವರು ಕುರ್ಚಿಯಲ್ಲೇ ಹೋಗಿಬಿಟ್ಟಿದ್ದರು. ಈ ಹಾಳೆ ಗೋಡೆಗೆ ಒರಗಿ ನಿಂತಿತ್ತು.

"ಊರೆಲ್ಲ ನೋಡಿಕೊಂಡೇ ಬಂದಿದಾರೆ, ನೋಡಿ. ನಾನು ಹೇಳಿದ ಹಾಗೇ." ಅವಳು ಆ ಖಾಲಿ ಜಾಗಕ್ಕೆ ಬೆರಳು ಮಾಡಿದಳು. "ಯಾರು ಬರೆದರೂ ಸರಿ, ಅದರಲ್ಲೊಂದು ಮನೆ ಇರಲಿ. ಇಲ್ಲದಿದ್ದರೆ ಅದೂ ಅವರ ಜತೆ ಮಣ್ಣಿಗೆ ಹೋಗಲಿ. ಇಲ್ಲಿಟ್ಟುಕೊಂಡು ದಿನಾ ನೋಡೋಕೆ ನನ್ನ ಕೈಲಿ ಆಗಲ್ಲ."

ರಾಡಿ ಗೆರೆಯ ಮಣಿಕಟ್ಟು ಬಿಟ್ಟಳು. ಗೆರೆ ಹಾಳೆಯನ್ನು ಹಲಗೆಯಿಂದ ಒಂದು ಬದಿ ಬಿಡಿಸಿ, ಮಗುಚಿ ಹಿಂಬದಿ ತೋರಿಸಿದ. ಶುರು ಮಾಡಿದ ಹೊತ್ತು ಮತ್ತು ಮುಗಿಸಿದ ಹೊತ್ತು ಬರೆಯುವುದು ಮೇಷ್ಟ್ರ ಪದ್ಧತಿ. ಅಲ್ಲಿ 'ಶುರು 7' ಎಂದಿತ್ತು. ಮುಗಿಸಿದ್ದು ಇರಲಿಲ್ಲ.

"ನೋಡು, ಮುಗಿದೇ ಇಲ್ಲ," ಎಂದ ಗೆರೆ. "ಮುಗೀದೇ ಇರೋದನ್ನ ಮುಗಿಸಿಕೊಟ್ಟರೆ ಅದು ಸೇವೆ, ತಪ್ಪಲ್ಲ."

ಅಷ್ಟರಲ್ಲಿ ಅತ್ತೆ ಒಂದು ಬಿಸ್ಕತ್ತಿನ ತಗಡಿನ ಡಬ್ಬಿ ತಂದು ಮೇಜಿನ ಮೇಲೆ ಕುಕ್ಕಿದರು. ಬೀರುವಿನಲ್ಲಿ ಸಿಕ್ಕಿದ್ದಂತೆ. ಮುಚ್ಚಳ ತೆಗೆದರೆ ಒಳಗೆಲ್ಲ ಬಿಳಿ ಬಣ್ಣದ ಟ್ಯೂಬುಗಳು, ಐವತ್ತೋ ಅರವತ್ತೋ, ಕೆಲವು ಒಣಗಿ ಕಲ್ಲಾಗಿದ್ದವು. ಒಂದನ್ನೂ ಬಳಸದೆ ಕೂಡಿಟ್ಟಿದ್ದಾನಲ್ಲ, ಇವನಿಗೆ ಮೊದಲಿಂದ ತಲೆ ನೆಟ್ಟಗಿರಲಿಲ್ಲ ಎಂದು ಅತ್ತೆ ಮೂಗೊರೆಸಿಕೊಂಡರು. ರಾಡಿ ಡಬ್ಬಿಯೊಳಗೆ ಬೆರಳಾಡಿಸಿದಳು. ಅದರಲ್ಲೊಂದು ಅವಳದ್ದು.

* * *

ಹದಿನೆಂಟು ವರ್ಷದ ಹಿಂದೆ ನದಿಯ ದಂಡೆ. ಆಸ್ಪತ್ರೆಯ ಹಿಂದೆ ತಂತಿಯ ಮೇಲೆ ಒಣಹಾಕಿದ ಹಾಸುಬಟ್ಟೆಗಳು ಅಲ್ಲಿಂದ ಕಾಣುತ್ತಿದ್ದವು. ಅವನ್ನು ತಾನೇ ಒಗೆದು ಹಾಕಿದ್ದೆಂದು ರಾಡಿಗೆ ಅವುಗಳನ್ನೇ ಬರೆಯುವ ಹಟ. ಆಗಿನ್ನೂ ಅವಳು ಬಂದು ಮೂರನೆಯ ವಾರ. ಬಿಳಿ ಟ್ಯೂಬು ಹಿಂಡಿ ಹಿಂಡಿ ಮೆತ್ತುತ್ತಿದ್ದಳು. ಎಷ್ಟು ಮೆತ್ತಿದರೂ ಬಟ್ಟೆ ಸೀಮೆಸುಣ್ಣದ ಹಾಗೆ ಸಪ್ಪಗೆ ಕೂರುತ್ತಿತ್ತು, ಬಿಸಿಲಲ್ಲಿ ನಿಲ್ಲುತ್ತಲೇ ಇರಲಿಲ್ಲ.

ಮೇಷ್ಟ್ರು ಬಂದು ಟ್ಯೂಬು ಎತ್ತಿ ತಮ್ಮ ಜೇಬಿಗೆ ಹಾಕಿಕೊಂಡರು.

"ಅದು ನಂದು ಮೇಷ್ಟ್ರೇ."

"ಇನ್ನು ನಂದು. ನಿನ್ನ ಹತ್ತಿರ ಇರೋದ್ರಲ್ಲಿ ಎಲ್ಲಕ್ಕಿಂತ ಬಿಳಿ ಯಾವುದು ಹೇಳು?"

ಅವಳು ಡಬ್ಬಿಯಲ್ಲೆಲ್ಲ ಹುಡುಕಿದಳು. ಅವರು ಹಾಳೆಯ ಮೂಲೆಯನ್ನು ಬೆರಳಿಂದ ತಟ್ಟಿದರು.

"ಕಾಗದ. ಇದಕ್ಕಿಂತ ಬೆಳ್ಳಗಿರೋದು ಯಾವ ಅಂಗಡೀಲೂ ಸಿಗಲ್ಲ. ಬೆಳಕನ್ನ ಬಳಿಯೋಕಾಗಲ್ಲ ರಾಡಿ, ಬಿಡಬೇಕು. ಎಲ್ಲಿ ಬೆಳಕು ಜಾಸ್ತಿಯೋ ಅಲ್ಲಿ ಕೈ ಹಾಕಬೇಡ. ಸುತ್ತ ನೆರಳು ಬರಿ, ಅಂಚು ಜೋಪಾನ ಮಾಡು."

ಸುತ್ತ ನೆರಳು ಬರೆಯುವುದು ಅವಳಿಗೆ ಒಗ್ಗಲು ಎರಡು ವರ್ಷ ಹಿಡಿಯಿತು. ಕೈ ಸುಮ್ಮನಿರುವುದೇ ಎಲ್ಲಕ್ಕಿಂತ ಕಷ್ಟದ ಕೆಲಸ. ಅವತ್ತು ಕ್ಲಾಸು ಮುಗಿದಾಗ ಎಂದಿನಂತೆ ಎಲ್ಲರ ಹಾಳೆಗಳನ್ನೂ ನೆಲದ ಮೇಲೆ ಸಾಲಾಗಿ ಇಟ್ಟರು. ಮೇಷ್ಟ್ರು ಕೂಗಿದರು, ಹಿಂದಕ್ಕೆ ಹತ್ತು ಹೆಜ್ಜೆ. ಎಲ್ಲರೂ ಹಾಳೆಗಳಿಗೆ ಮುಖ ಮಾಡಿಕೊಂಡೇ ಹಿಂದೆ ಹಿಂದೆ ನಡೆದರು. ಕಣ್ಣು ಕಿರಿದು ಮಾಡಿ. ಅರ್ಧ ಮುಚ್ಚಿದ ಕಣ್ಣಿಗೆ ಕಿಟಕಿ, ಎಲೆ, ಗೆರೆ ಎಲ್ಲ ಕರಗಿ ಬೆಳಕು ಮತ್ತು ನೆರಳು ಎರಡೇ ಉಳಿಯುತ್ತವೆ. ಹತ್ತಿರ ನಿಂತರೆ ಸಾಮಾನು ಕಾಣುತ್ತೆ, ದೂರ ನಿಂತರೆ ಚಿತ್ರ ಕಾಣುತ್ತೆ ಎನ್ನುವರು. ಆತುರ ಆತುರಕ್ಕೆ ಹನ್ನೆರಡು ಹೆಜ್ಜೆ ಇಟ್ಟು ಚರಂಡಿಗೆ ಬಿದ್ದದ್ದೂ ಅವತ್ತೇ.

* * *

ರಾಡಿ ಮೇಜಿನ ಮೇಲೆ ಬಗ್ಗಿದಳು. ಖಾಲಿ ಜಾಗವನ್ನಲ್ಲ, ಅದರ ಅಂಚನ್ನು ನೋಡಿದಳು. ಎಡಗಡೆಯ ಮನೆಯ ನೆರಳು ಆ ಬಿಳಿಯ ತನಕ ಬಂದು ಚಾಕುವಿನಲ್ಲಿ ಕೊಯ್ದ ಹಾಗೆ ನಿಂತಿತ್ತು. ಮಾಡಿನ ಇಳಿಜಾರು, ಹೊಗೆಕೊಳವೆಯ ಚೂರು, ಕಾಂಪೌಂಡಿನ ತಿರುವು, ಎಲ್ಲವೂ ಆ ಅಂಚಿನಲ್ಲೇ ಇದ್ದವು. ನಾಳೆ ಬರೆದರಾಯಿತು ಎಂದು ಬಿಟ್ಟವರು ಇಷ್ಟು ಜೋಪಾನವಾಗಿ ಬಿಡುವುದಿಲ್ಲ.

"ಇದು ಮುಗಿದಿದೆ," ಎಂದಳು.

ಗೆರೆ ಹುಬ್ಬು ಗಂಟಿಕ್ಕಿದ. ಮಗಳು ತಲೆಯಾಡಿಸಿದಳು. "ನಮ್ಮ ಮನೆ ಬಣ್ಣ ಹಳದಿ ಅಕ್ಕ. ಅದೂ ಮಾಸಿದ ಹಳದಿ. ಬಿಳಿ ಎಲ್ಲಿದೆ? ಆ ತೊಟ್ಟು ನೋಡಿ, ಬ್ರಷ್ಷಿಂದ ಬಿದ್ದಿದೆ, ಒರೆಸೋದಕ್ಕೂ ಪುರಸೊತ್ತಾಗಿಲ್ಲ."

"ಆ ತೊಟ್ಟಿನ ವಿಷಯ ನನಗೆ ಗೊತ್ತಿಲ್ಲ. ಉಳಿದದ್ದು ಇಲ್ಲಿ ನಿಂತು ಹೇಳಿದರೆ ನೀನು ನಂಬಲ್ಲ. ಈಗ ಎಷ್ಟು ಗಂಟೆ?"

ಏಳೂಮುಕ್ಕಾಲು. ರಾಡಿ ಹಲಗೆ ಸಮೇತ ಹಾಳೆಯನ್ನು ಎತ್ತಿಕೊಂಡಳು. ಎಂಟೂಕಾಲಿಗೆ ಗುಡ್ಡದ ಮೇಲಿರಬೇಕು, ನೀನೂ ಬರಬೇಕು ಎಂದಳು. ಮಗಳು ಪಕ್ಕದ ಕೋಣೆಯ ಕಡೆ ನೋಡಿದಳು. ಅತ್ತೆಗೆ ಈಗ ಸಿಟ್ಟು ನೆತ್ತಿಗೇರಿತು. ಹೆಣ ಮನೆಯಲ್ಲಿಟ್ಟುಕೊಂಡು ಗುಡ್ಡ ಹತ್ತುವ ಜನವನ್ನು ತಾನು ಈ ವಯಸ್ಸಿನ ತನಕ ಕಂಡಿಲ್ಲ, ಬದುಕಿದ್ದಾಗ ಅವನನ್ನು ಮನೆ ಬಿಡಿಸಿದ್ದು ಸಾಲದೆ ಇವತ್ತು ಮಗಳನ್ನೂ ಬಿಡಿಸುತ್ತೀರಾ ಎಂದು ಬಾಗಿಲಿಗೆ ಅಡ್ಡ ನಿಂತರು.

"ಅಪ್ಪನ್ನ ಬಿಟ್ಟು ಹೇಗೆ ಬರಲಿ ಅಕ್ಕ?" ಎಂದಳು ಮಗಳು.

"ಮೇಷ್ಟ್ರು ಹತ್ತೂವರೆ ತನಕ ಎಲ್ಲೂ ಹೋಗಲ್ಲ ಕಣಮ್ಮ. ಬೆಳಕು ಹೋಗಿಬಿಡುತ್ತೆ."

ಅತ್ತೆಯ ಪಕ್ಕದಲ್ಲಿ ಒಂದು ಆಳು ನುಸುಳುವಷ್ಟು ಜಾಗವಿತ್ತು. ರಾಡಿ ಹಲಗೆಯನ್ನು ಎದೆಗೆ ಒತ್ತಿಕೊಂಡು ಅಡ್ಡವಾಗಿ ನುಸುಳಿದಳು. ಮಗಳು ಒಂದು ಗಳಿಗೆ ನಿಂತು, ಚಪ್ಪಲಿ ಮೆಟ್ಟಿ ಹಿಂದೆ ಬಂದಳು. ಆತುರ ಆಗಲೇ ಟ್ಯಾಕ್ಸಿ ಚಾಲೂ ಮಾಡಿದ್ದ. ಜೀವಮಾನದಲ್ಲಿ ಮೊದಲ ಸಲ ಅವನ ಆತುರದಿಂದ ಚಿತ್ರಕ್ಕೆ ಉಪಕಾರವಾಯಿತು.

* * *

ಗುಡ್ಡದ ಬುಡದಿಂದ ಟ್ಯಾಂಕಿನ ತನಕ ನೂರ ಹನ್ನೆರಡು ಮೆಟ್ಟಿಲು. ಹೋದ ತಿಂಗಳು ಕ್ಲಾಸು ಅಲ್ಲೇ ಇತ್ತು. ಎಲ್ಲರೂ ನದಿಯ ಕಡೆ ಮುಖ ಮಾಡಿ ಕೂತು ಬರೆಯುತ್ತಿದ್ದರೆ ಮೇಷ್ಟ್ರೊಬ್ಬರೇ ಅವರಿಗೆ ಬೆನ್ನು ಹಾಕಿ ಊರಿನ ಕಡೆ ನೋಡುತ್ತ, ಆಗಾಗ ಎಷ್ಟಾಯ್ತ್ರೋ ಎಂದು ಗಂಟೆ ಕೇಳುತ್ತ ನಿಂತಿದ್ದರು. ನೀರು ಬದಲಾಯಿಸಲು ಎದ್ದ ರಾಡಿ ಅವರ ಪಕ್ಕದಲ್ಲಿ ನಿಂತಳು.

"ಒಂದು ಮನೆ ನೋಡಿದೆ," ಎಂದಿದ್ದರು ಮೇಷ್ಟ್ರು. "ಎಂಟೂಕಾಲಿಗೆ ಬಂತು. ಹತ್ತು ನಿಮಿಷ ಇತ್ತು. ಈಗ ಎಲ್ಲಾ ಮನೆ ಥರಾ ಆಗಿದೆ."

"ಯಾರ ಮನೆ ಮೇಷ್ಟ್ರೇ?"

"ನೀರಿನ ಮೀಟರು ಸರಿಯಾಗಿ ಓಡೋರದು."

ತಮಾಷೆ ಎಂದುಕೊಂಡು ಅವಳು ನಕ್ಕು ಹೋಗಿದ್ದಳು. ಕ್ಲಾಸು ಮುಗಿದು ಇಳಿಯುವಾಗ ಅವರು ಮಂಡಿ ಹಿಡಿದುಕೊಂಡು ಮೂರು ಕಡೆ ಕೂತರು. ಇನ್ನು ಮೇಲೆ ಗುಡ್ಡ ಬೇಡ ಮೇಷ್ಟ್ರೇ ಎಂದದ್ದಕ್ಕೆ, ಇನ್ನೊಂದು ಸಲ ಹತ್ತಬೇಕು, ಒಂದು ಚಿತ್ರ ಬಾಕಿ ಇದೆ, ಮನೇಲಿ ತುಂಬಾ ದಿನದಿಂದ ಕೇಳ್ತಿದಾಳೆ ಎಂದಿದ್ದರು. ಯಾರು ಕೇಳುತ್ತಿದ್ದಾರೆ ಎಂದು ರಾಡಿ ಕೇಳಲಿಲ್ಲ. ಆ ಹೊತ್ತಿಗೆ ಅವಳ ಗಮನವೆಲ್ಲ ಅವರು ಜಾರಿ ಬೀಳದಿರಲಿ ಎಂಬುದರ ಮೇಲಿತ್ತು.

* * *

ಮೇಲೆ ಮುಟ್ಟಿದಾಗ ಎಂಟು ಗಂಟೆ ಹತ್ತು ನಿಮಿಷ. ಆಕಾಶಕ್ಕೆ ಮೋಡ ಕವಿದಿತ್ತು. ಟ್ಯಾಕ್ಸಿಯಲ್ಲಿ ಜಾಗ ಸಿಕ್ಕಷ್ಟು ಜನ ಬಂದಿದ್ದರು, ಗೆರೆಯೂ ಏದುಸಿರು ಬಿಡುತ್ತ ಬಂದಿದ್ದ. ಟ್ಯಾಂಕಿನ ಪಕ್ಕ ನೆಲದಲ್ಲಿ ಸ್ಟೂಲಿನ ಕಾಲು ಊರಿದ ಮೂರು ಗುಳಿಗಳು ಇನ್ನೂ ಅಳಿಸಿರಲಿಲ್ಲ. ರಾಡಿ ಹಾಳೆಯ ಹಲಗೆಯನ್ನು ಅಲ್ಲೇ ಕಲ್ಲಿಗೆ ಒರಗಿಸಿದಳು.

ಕೆಳಗೆ ಬೀದಿ ಬೂದಿಬಣ್ಣದಲ್ಲಿ ಬಿದ್ದಿತ್ತು. ಬೆನ್ನ ಹಿಂದಿನಿಂದ ಬರುವ ಬೆಳಗಿನ ಬಿಸಿಲಿಗೆ ಗುಡ್ಡದ ಬುಡದ ಗೋದಾಮು ಅಡ್ಡ. ಗೋದಾಮಿಗೆ ಸೇರಿದ ಹಳೆಯ ಶೆಡ್ಡೊಂದನ್ನು ಈ ವರ್ಷ ಕೆಡವಿದ್ದರು, ಅಲ್ಲೊಂದು ಸಂದಿ ಆಗಿತ್ತು. ರಾಡಿ ಆ ಸಂದಿಯನ್ನು ನೋಡಿದಳು, ಮೋಡವನ್ನು ನೋಡಿದಳು. ಇವತ್ತೊಂದು ದಿನ ಕೈ ಕೊಡಬೇಡ ಎಂದು ಮನಸ್ಸಿನಲ್ಲೇ ಬೇಡಿಕೊಂಡಳು.

ಎಂಟೂಕಾಲಾಯಿತು. ಏನೂ ಆಗಲಿಲ್ಲ. ಹಳದಿ ಮನೆ ಹಳದಿಯಾಗಿಯೇ ಇತ್ತು, ನೆರಳಿನಲ್ಲಿ ಅದನ್ನು ಹಳದಿ ಎನ್ನುವುದೂ ಕಷ್ಟವಾಗಿತ್ತು. ಗೆರೆ ಕೆಮ್ಮಿದ. ಎಂಟು ಇಪ್ಪತ್ತಕ್ಕೆ ಮಗಳು ಹಲಗೆಗೆ ಕೈ ಹಾಕಿ, ಹೋಗೋಣ ಅಕ್ಕ, ಅತ್ತೆ ಕಾಯ್ತಿರ್ತಾರೆ ಎಂದಳು. ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ.

"ಕೂತ್ಕೊ," ಎಂದಳು ರಾಡಿ. ಮೇಷ್ಟ್ರ ಧಾಟಿ ತನ್ನ ಬಾಯಲ್ಲಿ ಬಂದದ್ದು ಅವಳಿಗೇ ಆಶ್ಚರ್ಯ. "ಮಳೇಲಿ ಸೇತುವೆ ಕೆಳಗೆ ಮೂರು ಗಂಟೆ ಕೂರಿಸಿದ್ದಾರೆ ನಿಮ್ಮಪ್ಪ ನಮ್ಮನ್ನ. ನೀನು ಐದು ನಿಮಿಷ ಕೂತ್ಕೊ."

ಮಗಳು ಕೂತಳು. ಉಳಿದವರೂ ಕೂತರು, ಅಭ್ಯಾಸಬಲ. ಟ್ಯಾಂಕಿನೊಳಗೆ ನೀರು ತುಂಬುವ ಸದ್ದು ಮಾತ್ರ ಇತ್ತು.

ಮೊದಲು ಬೆನ್ನ ಹಿಂದೆ ನದಿ ಹೊಳೆಯಿತು. ಆಮೇಲೆ ಮೋಡದ ಅಂಚು ಹರಿದು ಬಿಸಿಲು ಗುಡ್ಡದ ನೆತ್ತಿಯನ್ನು ದಾಟಿತು, ಗೋದಾಮಿನ ತಗಡನ್ನು ದಾಟಿತು, ಶೆಡ್ಡು ಕೆಡವಿದ ಸಂದಿಯಲ್ಲಿ ಇಳಿದು ನೇರ ಹೋಗಿ ಒಂದೇ ಒಂದು ಮನೆಗೆ ಬಡಿಯಿತು. ಅಕ್ಕಪಕ್ಕದವೆಲ್ಲ ನೆರಳಿನಲ್ಲೇ ಉಳಿದವು. ಮಾಸಿದ ಗೋಡೆ, ಹಳೆಯ ಮಾಡು, ಎರಡು ವರ್ಷದಿಂದ ಬಣ್ಣ ಕಾಣದ ಬಾಗಿಲು, ಎಲ್ಲವೂ ಒಮ್ಮೆಗೇ ಕಣ್ಣು ಕುಕ್ಕಿದವು.

"ಕಣ್ಣು ಕಿರಿದು ಮಾಡಿ," ಎಂದಳು ರಾಡಿ.

ಎಲ್ಲರೂ ಮಾಡಿದರು. ಮಗಳಿಗೆ ಅದು ಗೊತ್ತಿರಲಿಲ್ಲ. ರಾಡಿ ಅವಳ ಹಣೆಯ ಮೇಲೆ ಕೈ ಅಡ್ಡ ಹಿಡಿದು, ಅರ್ಧ ಮುಚ್ಚು, ಪೂರ್ತಿ ಬೇಡ ಎಂದಳು. ಹಾಗೆ ನೋಡಿದಾಗ ಬಾಗಿಲು ಕರಗಿತು, ಕಿಟಕಿ ಕರಗಿತು. ಊರು ಪೂರ್ತಿ ನೀಲಿ ನೆರಳಾಗಿ, ನಡುವೆ ಮನೆಯ ಆಕಾರದ ಬಿಳಿ ಮಾತ್ರ ಉಳಿಯಿತು. ಕಲ್ಲಿಗೆ ಒರಗಿಸಿದ್ದ ಹಾಳೆಯಲ್ಲಿ ಇದ್ದದ್ದು ಅದೇ.

ಗೆರೆ ಜೇಬಿನಲ್ಲಿದ್ದ ಪೆನ್ಸಿಲನ್ನು ಇನ್ನೂ ಆಳಕ್ಕೆ ತಳ್ಳಿಕೊಂಡ. "ನಾನು ಅಲ್ಲಿ ಕಿಟಕಿ ಇಡ್ತಿದ್ದೆ," ಎಂದು ಯಾರಿಗೂ ಅಲ್ಲದೆ ಹೇಳಿದ.

ಆಗಲೇ ಕೆಳಗೆ ಮನೆಯ ಗೇಟಿನ ಹತ್ತಿರ ಏನೋ ಚಲಿಸಿತು. ಆ ಬೆಳಕಿನ ಬುಡದಲ್ಲಿ ಕಂದು ಬಣ್ಣದ ಒಂದು ತೊಟ್ಟು. ತೊಟ್ಟು ಅತ್ತಿಂದಿತ್ತ ಓಡಾಡಿ, ಗುಡ್ಡದ ಕಡೆ ತಿರುಗಿ ನಿಂತಿತು.

"ನಿಮ್ಮತ್ತೆ," ಎಂದ ಆತುರ. "ಕಂದು ಶಾಲು. ನಮಗೇ ಬಯ್ತಿದಾರೆ ಅನ್ಸುತ್ತೆ."

ಬಂದವರಲ್ಲಿ ಒಬ್ಬಿಬ್ಬರು ಇಂಥ ದಿನ ನಗಬಾರದೆಂದು ತುಟಿ ಕಚ್ಚಿದರು. ರಾಡಿ ನಗಲಿಲ್ಲ. ಕಂದು ತೊಟ್ಟನ್ನೂ ಹಾಳೆಯ ಕೆಂಪು ತೊಟ್ಟನ್ನೂ ನೋಡಿದಳು. ಎರಡೂ ಬಿಳಿಯ ಬುಡದಲ್ಲಿ ಒಂದೇ ಕಡೆ, ಒಂದೇ ಅಳತೆ. ಬ್ರಷ್ಷಿಂದ ತಾನಾಗಿ ಬಿದ್ದ ತೊಟ್ಟು ದುಂಡಗಿರುತ್ತದೆ. ಇದಕ್ಕೆ ಮೇಲೆ ಸಣ್ಣದು, ಕೆಳಗೆ ಅಗಲ, ಬದಿಗೊಂದು ಗೀಟು, ಯಾರೋ ಗೇಟಿನ ಚಿಲಕಕ್ಕೆ ಕೈ ಚಾಚಿದ ಹಾಗೆ.

"ಶುಕ್ರವಾರ ಈ ಹೊತ್ತಿಗೆ ಗೇಟಲ್ಲಿ ಯಾರಿದ್ದರು?" ಎಂದು ಕೇಳಿದಳು. "ಕೆಂಪು ಹಾಕ್ಕೊಂಡು?"

ಕೌಂಟರಿನವರ ಯೂನಿಫಾರ್ಮ್ ಕೋಟು ಕೆಂಪು. ಒಂಬತ್ತರ ಡ್ಯೂಟಿಗೆ ಮನೆ ಬಿಡುವುದು ಎಂಟೂ ಇಪ್ಪತ್ತಕ್ಕೆ. ಮಗಳು ಹಲಗೆಯನ್ನು ತೊಡೆಯ ಮೇಲೆಳೆದುಕೊಂಡು ಆ ಕೆಂಪಿನ ಮೇಲೆ ಬೆರಳಿಟ್ಟಳು. ಬೆರಳ ತುದಿಯಡಿ ಅದು ಪೂರ್ತಿ ಮುಚ್ಚಿಹೋಯಿತು. ಎರಡು ದಿನದಿಂದ ಬಾರದ ಅಳು ಅವಳಿಗೆ ಆಗ ಬಂತು, ಮೈ ಅಲುಗುವಷ್ಟು ಬಂತು. ರಾಡಿ ಪಕ್ಕದಲ್ಲಿ ಕೂತು ಬೆನ್ನ ಮೇಲೆ ಕೈಯಿಟ್ಟಳು.

ಕೆಳಗೆ ಬೆಳಕು ಗೋಡೆಯಿಂದ ಸರಿದು ಪಕ್ಕದ ಮನೆಯ ಮಾಡಿಗೆ ಹತ್ತಿತು. ಹಳದಿ ಮನೆ ಮತ್ತೆ ಹಳದಿಯಾಯಿತು.

"ಮುಗಿಸಿದ ಹೊತ್ತು ಯಾಕೆ ಬರೀಲಿಲ್ಲ ಹಾಗಾದರೆ?" ಮಗಳು ಮೂಗು ಒರೆಸಿಕೊಂಡು ಕೇಳಿದಳು. ಟಿಕೆಟ್ ಕೌಂಟರಿನವಳು, ಲೆಕ್ಕ ತಪ್ಪಿದ್ದು ಬಿಡುವವಳಲ್ಲ.

"ಅವರು ಯಾವತ್ತು ವಾಚು ಕಟ್ಟಿದ್ರು?" ಎಂದಳು ರಾಡಿ. "ಏಳಕ್ಕೆ ಕಾರ್ಖಾನೆ ಸೈರನ್ ಆಗುತ್ತೆ, ಶುರು ಬರೆದುಕೊಂಡಿದಾರೆ. ಮುಗಿದಾಗ ನಮ್ಮನ್ನ ಕೇಳೋರು, ಎಷ್ಟಾಯ್ತ್ರೋ ಅಂತ. ಶುಕ್ರವಾರ ಹೇಳೋರು ಯಾರೂ ಇರಲಿಲ್ಲ."

ಮಗಳು ಹಾಳೆಯನ್ನು ಹಲಗೆಯಿಂದ ಬಿಡಿಸಿ ತಿರುಗಿಸಿದಳು. ಗೆರೆಯ ಕಡೆ ಕೈ ಚಾಚಿದಳು. ಅವನು ಪೆನ್ಸಿಲ್ ಕೊಟ್ಟ. ಅಪ್ಪನ ಅಕ್ಷರದ ಕೆಳಗೆ ಅವಳು ಬರೆದಳು: ಮುಗಿದದ್ದು 8.25.

* * *

ಹತ್ತೂವರೆಗೆ ಸ್ಮಶಾನದಲ್ಲಿ ಜನ ತುಂಬಿತ್ತು. ಮೀಟರ್ ನೋಡಿಸಿಕೊಂಡವರು, ಇಲಾಖೆಯ ಹಳೆಯ ಜತೆಗಾರರು, ಬೇಕರಿಯವನು, ಭಾನುವಾರದವರು. ಎಲ್ಲರದ್ದೂ ಕಪ್ಪು ಇಲ್ಲವೇ ಗಾಢ ಬಣ್ಣದ ಬಟ್ಟೆ. ಅಗೆದ ಮಣ್ಣು ಹಸಿಯಾಗಿತ್ತು. ಗುಂಡಿಯ ಅಂಚಿನಲ್ಲಿ ಮೇಷ್ಟ್ರನ್ನು ಬಿಳಿ ಹೊದಿಕೆಯಲ್ಲಿ ಇಳಿಸಿದರು. ಚಿತ್ರ ಮಣ್ಣಿಗೆ ಹೋಗಲಿಲ್ಲ. ಮನೆಯಲ್ಲಿ ಬಾಗಿಲಿಗೆ ಎದುರಾಗಿ, ಒಳಗೆ ಬಂದವರಿಗೆ ಮೊದಲು ಕಾಣುವ ಕಡೆ, ಮಗಳೇ ಮೊಳೆ ಹೊಡೆದು ಬಂದಿದ್ದಳು.

ಕೊನೆಗೊಮ್ಮೆ ನೋಡಿಕೊಳ್ಳಿ ಎಂದು ಯಾರೋ ಹೇಳಿದರು. ನೆಂಟರೆಲ್ಲ ಮುಂದೆ ನುಗ್ಗಿದರು. ರಾಡಿ ನಿಂತಲ್ಲಿಂದ ಹಿಂದಕ್ಕೆ ಒಂದು ಹೆಜ್ಜೆ ಇಟ್ಟಳು, ಮತ್ತೊಂದು ಇಟ್ಟಳು. ಯಾರೂ ಯಾರಿಗೂ ಹೇಳಿರಲಿಲ್ಲ. ಗೆರೆ ಹಿಂದೆ ಬಂದ, ಆತುರ ಲೆಕ್ಕ ಹಾಕುತ್ತ ನಿಧಾನವಾಗಿ ಬಂದ, ಭಾನುವಾರದ ಮೂವತ್ತು ಜನವೂ ಮುಖ ತಿರುಗಿಸದೆ ಹಿಂದೆ ಹಿಂದೆ ಸರಿದರು.

"ಹತ್ತಿರ ಬರೋದು ಬಿಟ್ಟು ಇದೇನು ಇವರದ್ದು," ಎಂದರು ಅತ್ತೆ.

"ಬನ್ನಿ ಅತ್ತೆ," ಎಂದು ಮಗಳು ಅವರ ತೋಳು ಹಿಡಿದಳು. "ಹಿಂದಕ್ಕೆ. ಹತ್ತೇ ಹೆಜ್ಜೆ. ನಾನು ಹಿಡ್ಕೊಂಡಿದೀನಿ, ಬೀಳಲ್ಲ."

ಅತ್ತೆ ಗೊಣಗುತ್ತಲೇ ಬಂದರು. ಮಗಳು ಮೆಲ್ಲಗೆ ಎಣಿಸಿದಳು. ಹತ್ತಕ್ಕೆ ಇಬ್ಬರೂ ರಾಡಿಯ ಪಕ್ಕದಲ್ಲಿ ನಿಂತರು. ಈಗ ಕಣ್ಣು ಅರ್ಧ ಮುಚ್ಚಬೇಕು ಅತ್ತೆ ಎಂದಳು ಮಗಳು. ಅದೆಲ್ಲ ನನಗೆ ಬರಲ್ಲ ಎಂದು ಅತ್ತೆ ತಲೆ ಕೊಡವಿದರು. ಆಮೇಲೆ ದಪ್ಪ ಗಾಜಿನ ಕನ್ನಡಕವನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡರು.

ರಾಡಿ ಕಣ್ಣು ಕಿರಿದು ಮಾಡಿದಳು. ಮುಖಗಳು, ಬಟ್ಟೆಗಳು, ಮರಗಳು, ಮಣ್ಣು ಎಲ್ಲ ಒಂದರಲ್ಲೊಂದು ಬೆರೆತು ನೆರಳಾದವು. ನಡುವೆ ಆ ಬಿಳಿ ಹೊದಿಕೆ ಮಾತ್ರ ಇತ್ತು.

"ಹೂಂ," ಎಂದರು ಪಕ್ಕದಲ್ಲಿ ಅತ್ತೆ. "ಕಾಣ್ತಿದಾನೆ."